ಅರ್ಬೆಕಿನಾ ಎಣ್ಣೆ ಸಪ್ಪೆ ಅಂದವರಿಗೆ

ಎಣ್ಣೆಗೆ ಅಂತ ಆಲಿವ್ ಹಾಕಿದವರೆಲ್ಲ ಅರ್ಬೆಕಿನಾ ತಳಿಯ ಬಗ್ಗೆ ಹೇಳುವುದು ಒಂದೇ ಮಾತು. ಬೇಗ ಫಲಕ್ಕೆ ಬರುತ್ತದೆ, ಚೆನ್ನಾಗಿ ಬಿಡುತ್ತದೆ, ಆದರೆ ಎಣ್ಣೆ ಸಪ್ಪೆ, ಬೇಗ ಕಮಟು ವಾಸನೆ ಬರುತ್ತದೆ. ಕಿತ್ತು ಘಾಟು ಜಾಸ್ತಿ ಇರುವ ಕೊರೊನೈಕಿ ತಳಿ ಹಾಕಿ ಅಂತ ನನಗೂ ಬುದ್ಧಿ ಹೇಳಿದರು. ನಾನು ಕೀಳಲಿಲ್ಲ. ಹಿಂದಿನ ಕೊಯ್ಲಿನ ಎಣ್ಣೆಗೆ ವರ್ಷ ದಾಟಿದೆ, ಈಗಲೂ ಒಂದು ಚಮಚ ಕುಡಿದರೆ ಗಂಟಲಿಗೆ ಘಾಟು ಹತ್ತುತ್ತದೆ, ಒಳ್ಳೆ ಆಲಿವ್ ಎಣ್ಣೆಯ ಗುರುತೇ ಅದು.

ಗುಟ್ಟೆಲ್ಲ ಇರುವುದು ನೀರಿನಲ್ಲಿ. ಕೊಯ್ಲಿನವರೆಗೂ ಡ್ರಿಪ್ ಬಿಟ್ಟ ವರ್ಷ ಹಣ್ಣು ಉಬ್ಬಿ ಒಳ್ಳೆ ತೂಕ ಬಂತು. ಮಿಲ್‌ನಲ್ಲಿ ಅರೆದ ಮೇಲೆ ಮುದ್ದೆ ಗಂಜಿಯಂತಾಗಿ ಎಣ್ಣೆ ಬಿಡಲೇ ಇಲ್ಲ. ಎಷ್ಟೋ ಎಣ್ಣೆ ಹಿಂಡಿಯ ಜೊತೆ ಹೋಯಿತು. ಅರೆಯುವ ಕೂಲಿ ಮಾತ್ರ ಹಣ್ಣಿನ ತೂಕದ ಮೇಲೆ! ನೀರು ಅರೆಸಲು ದುಡ್ಡು ಕೊಟ್ಟಂತಾಯಿತು.

ಈಗ ಹೂವು ಮುಗಿದ ಮೇಲೆ ಆಗಾಗ ನಾಲ್ಕು ಕಾಯಿ ಕಿತ್ತು ಚಾಕುವಿನಿಂದ ಅಡ್ಡ ಕೊಯ್ದು ನೋಡುತ್ತೇನೆ. ಚಾಕು ಸಲೀಸಾಗಿ ಇಳಿದರೆ ಓಟೆ ಇನ್ನೂ ಎಳೆಯದು. ಕಟಕ್ ಅಂತ ನಿಂತರೆ ಅವತ್ತಿನಿಂದ ನೀರು ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಸುತ್ತೇನೆ. ಮಧ್ಯಾಹ್ನ ಕಾಯಿ ಸ್ವಲ್ಪ ಸುಕ್ಕುಗಟ್ಟುತ್ತದೆ, ನೋಡಿದವರು ತೋಟ ಹೋಯ್ತು ಅನ್ನುತ್ತಾರೆ. ಆಮೇಲೆ ಎಣ್ಣೆ ತುಂಬುವ ಕಾಲಕ್ಕೆ ನೀರು ವಾಪಸ್, ಕೊಯ್ಲಿಗೆ ಮುಂಚೆ ಮತ್ತೆ ಬಿಗಿ. ಯಾವ ವಾರ ಎಷ್ಟು ಅನ್ನುವುದು ನನ್ನ ಹತ್ತಿರವೇ ಇರಲಿ. ನಿಮ್ಮ ಮಣ್ಣಿಗೆ ಅದು ಹೊಂದುವುದೂ ಇಲ್ಲ.

ಕೊಯ್ಲು ಬೇಗ. ಹಸಿರು ಹಳದಿಗೆ ತಿರುಗಿ, ಅಲ್ಲೊಂದು ಇಲ್ಲೊಂದು ಹಣ್ಣಿಗೆ ನೇರಳೆ ಬಣ್ಣ ಹತ್ತಿದರೆ ಸಾಕು. ಹಿಂಡಿದರೆ ಹಾಲಿನಂಥ ರಸ ಬರಬೇಕು. ನಷ್ಟ ಇದೆ, ಮುಚ್ಚಿಡುವುದಿಲ್ಲ. ತಡವಾಗಿ ಕೊಯ್ದರೆ 100 ಕಿಲೋಗೆ 17–18 ಕಿಲೋ ಎಣ್ಣೆ ಬರುವ ಕಡೆ ನನಗೆ ಸಿಕ್ಕಿದ್ದು 12ರ ಆಸುಪಾಸು. ಒಂದೂವರೆ ಗ್ರಾಂ ತೂಗುವ ಹಸಿರು ಹಣ್ಣು ಕೊಂಬೆ ಬಿಡುವುದಿಲ್ಲ, ಆಳಿನ ಖರ್ಚೂ ಜಾಸ್ತಿ. ಆದರೆ ಕೊಳ್ಳುವವರು ಹೆಚ್ಚೂಕಡಿಮೆ ದುಪ್ಪಟ್ಟು ಬೆಲೆಗೆ ಒಪ್ಪಿದರು. ಲೆಕ್ಕ ಕೂಡಿತು.

ಕ್ರೇಟ್‌ನಲ್ಲೇ ಸಾಗಿಸಿ ಅದೇ ದಿನ ಅರೆಸುತ್ತೇನೆ. ಚೀಲದಲ್ಲಿ ಒಂದು ರಾತ್ರಿ ಇಟ್ಟರೆ ಹಣ್ಣು ಬಿಸಿಯಾಗಿ ಎಣ್ಣೆಗೆ ಮುಗ್ಗಲು ಹಿಡಿಯುತ್ತದೆ. ಮುದ್ದೆಯ ಬಿಸಿ 27 ಡಿಗ್ರಿ ದಾಟಬಾರದು. ಮಿಲ್‌ನವರಿಗೆ ಬೇಗ ಎಣ್ಣೆ ಬಿಡಿಸುವ ಆತುರ, ಅದಕ್ಕೇ ಥರ್ಮಾಮೀಟರ್ ಹಿಡಿದು ಪಕ್ಕದಲ್ಲೇ ನಿಲ್ಲುತ್ತೇನೆ. ಅವರಿಗೆ ನನ್ನನ್ನು ಕಂಡರೆ ಆಗುವುದಿಲ್ಲ, ಇರಲಿ.

ಒಂದು ಸಲ ಸುಮ್ನೆ ಹಣ್ಣಿನ ಜೊತೆ ಒಂದಿಷ್ಟು ಎಲೆಯನ್ನೂ ಅರೆಸಿದೆ. ಬಣ್ಣ ಕಣ್ಣು ಕುಕ್ಕುವ ಹಸಿರು, ರುಚಿ ಮಾತ್ರ ಬರೀ ಹುಲ್ಲು. ಅಂಚಿನಲ್ಲಿರುವ ಎರಡು ಸಾಲು ಕೊರೊನೈಕಿ ಎಣ್ಣೆ ಕಾಲು ಭಾಗ ಬೆರೆಸಿದ್ದು ಚೆನ್ನಾಗಿ ಬಂತು. ಆದರೆ ಅದನ್ನು ಬೇರೆ ಪೀಪಾಯಿಯಲ್ಲಿ ಇಟ್ಟಿದ್ದೇನೆ. ಇಲ್ಲದಿದ್ದರೆ ಘಾಟು ಕೊರೊನೈಕಿಯದೇ ಅನ್ನುತ್ತಾರೆ, ಅಲ್ವಾ?

ಬಿಸಿಲು ತೀರಾ ಜಾಸ್ತಿ ಇರುವ ಕಡೆ ಇದನ್ನು ನಂಬಿ ಕೂರಬೇಡಿ. ಅಲ್ಲಿ ಅರ್ಬೆಕಿನಾದಲ್ಲಿ ಎಣ್ಣೆ ಬೇಗ ಕೆಡದಂತೆ ತಡೆಯುವ ಓಲಿಯಿಕ್ ಆಮ್ಲ ಶೇಕಡಾ 55ಕ್ಕಿಂತ ಕೆಳಗೂ ಇಳಿಯಬಹುದು, ನೀರು ಕಡಿಮೆ ಮಾಡಿ ಅದನ್ನು ಸರಿಮಾಡಲು ಆಗುವುದಿಲ್ಲ. ನನಗೆ ಸಿಕ್ಕ ಇನ್ನೊಂದು ಲಾಭ ಲೆಕ್ಕದಲ್ಲೇ ಇರಲಿಲ್ಲ. ಬೇಗ ಕೊಯ್ದ ಸಾಲುಗಳು ಮರುವರ್ಷ ಬರಡು ಬೀಳಲಿಲ್ಲ. ತಡವಾಗಿ ಕೊಯ್ದ ಸಾಲುಗಳಲ್ಲಿ ಹೂವು ಹುಡುಕಬೇಕಾಯಿತು.