ನನ್ನ ಅನುಭವ: ಹೊರಗೆ ಹೋಗದ ಉಸಿರು

ಹನ್ನೆರಡು ವರ್ಷಗಳಿಂದ ನಾನು ಫಿಸಿಯೋಥೆರಪಿಸ್ಟ್ ಆಗಿ ಶ್ವಾಸಕೋಶದ ರೋಗಿಗಳಿಗೆ ವ್ಯಾಯಾಮ ಕಲಿಸುತ್ತಿದ್ದೇನೆ. ನಡೆಯುವಾಗ ಏದುಸಿರು ಬಿಡುವವರಿಗೆ ಮೊದಮೊದಲು "ಜೋರಾಗಿ ಉಸಿರು ಎಳೆದುಕೊಳ್ಳಿ" ಎಂದೇ ಹೇಳುತ್ತಿದ್ದೆ. ಅದು ತಪ್ಪೆಂದು ನನಗೆ ಅರ್ಥವಾದದ್ದು ನಲವತ್ತು ವರ್ಷ ಸೌದೆ ಒಲೆಯ ಮುಂದೆ ಅಡುಗೆ ಮಾಡಿ ಶ್ವಾಸನಾಳಗಳು ಕಿರಿದಾಗುವ ದೀರ್ಘಕಾಲದ ಕಾಯಿಲೆಯಾದ ಸಿಒಪಿಡಿಗೆ ತುತ್ತಾಗಿದ್ದ ಒಬ್ಬ ಹಿರಿಯ ಹೆಂಗಸಿನಿಂದ.

30 ಮೀಟರ್ ಕಾರಿಡಾರಿನಲ್ಲಿ ಆರು ನಿಮಿಷ ನಡೆಸಿ ನೋಡುವ ಪರೀಕ್ಷೆಯಲ್ಲಿ ಅವರು ನಾಲ್ಕನೇ ನಿಮಿಷಕ್ಕೇ ಗೋಡೆ ಹಿಡಿದು ನಿಂತರು. ರಕ್ತದ ಆಮ್ಲಜನಕ ಅಳೆಯುವ ಬೆರಳಿನ ಆಕ್ಸಿಮೀಟರ್ ಶೇಕಡಾ 93 ತೋರಿಸುತ್ತಿತ್ತು. ಅವರನ್ನು ನಿಲ್ಲಿಸಿದ್ದು ಆಮ್ಲಜನಕದ ಕೊರತೆಯಲ್ಲ. "ಉಸಿರು ಒಳಕ್ಕೇ ಹೋಗ್ತಿಲ್ಲ ಕಣಮ್ಮ" ಎಂದರು. ಪಕ್ಕೆಯ ಮೇಲೆ ಕೈಯಿಟ್ಟು ನೋಡಿದೆ. ಎದೆ ಆಗಲೇ ಉಬ್ಬಿ ನಿಂತಿತ್ತು, ಉಸಿರೆಳೆದಾಗ ಕೆಳಪಕ್ಕೆಗಳು ಹೊರಕ್ಕೆ ಬರುವ ಬದಲು ಒಳಕ್ಕೆ ಸರಿಯುತ್ತಿದ್ದವು, ಕತ್ತಿನ ಸ್ನಾಯುಗಳು ಹಗ್ಗದಂತೆ ಬಿಗಿದಿದ್ದವು. ತುಂಬಿದ ಕೊಡಕ್ಕೆ ಇನ್ನೂ ನೀರು ಹೊಯ್ಯಿರಿ ಎಂದು ನಾನು ಇಷ್ಟು ದಿನ ಹೇಳುತ್ತಿದ್ದೆ.

ನಿಮಿಷಕ್ಕೆ 15 ಸಲ ಉಸಿರಾಡುವಾಗ ಒಂದೊಂದು ಉಸಿರಿಗೆ 4 ಸೆಕೆಂಡು ಸಿಗುತ್ತದೆ. ನಡಿಗೆಯಲ್ಲಿ ಅದು 30ಕ್ಕೆ ಏರಿದರೆ ಸಿಗುವುದು 2 ಸೆಕೆಂಡು ಮಾತ್ರ. ಕಿರಿದಾಗಿ, ಬಿಗಿ ಕಳೆದುಕೊಂಡ ಶ್ವಾಸನಾಳಗಳಿಂದ ಅಷ್ಟರಲ್ಲಿ ಗಾಳಿ ಪೂರ್ತಿ ಹೊರಬೀಳುವುದಿಲ್ಲ. ಉಳಿದದ್ದರ ಮೇಲೆ ಮತ್ತೊಂದು ಉಸಿರು ಸೇರಿ ಶ್ವಾಸಕೋಶ ಹಿಗ್ಗುತ್ತಾ ಹೋಗುತ್ತದೆ, ಎದೆ-ಹೊಟ್ಟೆಗಳ ನಡುವೆ ಕಮಾನಿನಂತಿರಬೇಕಾದ ಉಸಿರಾಟದ ಸ್ನಾಯು, ಅಂದರೆ ವಪೆ, ಚಪ್ಪಟೆಯಾಗಿ ಎಳೆಯುವ ಬಲ ಕಳೆದುಕೊಳ್ಳುತ್ತದೆ.

ಹಾಗಾಗಿ ಉಸಿರು ಬಿಡುವುದನ್ನು ಕಲಿಸತೊಡಗಿದೆ: ಎರಡು ಹೆಜ್ಜೆಗೆ ಮೂಗಿನಿಂದ ಎಳೆದು, ನಾಲ್ಕು ಹೆಜ್ಜೆಗೆ ತುಟಿ ಕೂಡಿಸಿ ಬಿಡುವುದು. ಮೊದಲ ದಿನ ಅವರು ಊದುಗೊಳವೆ ಹಿಡಿದು ಬೆಂಕಿ ಊದುವ ರಭಸದಲ್ಲಿ ಊದಿದರು. ದಮ್ಮು ಇನ್ನೂ ಹೆಚ್ಚಿತು, ಏಕೆಂದರೆ ಬಲವಂತವಾಗಿ ಊದಿದರೆ ಎದೆಯೊಳಗಿನ ಒತ್ತಡವೇ ಸಣ್ಣ ನಾಳಗಳನ್ನು ಅಮುಕಿಬಿಡುತ್ತದೆ. "ದೀಪದ ಕುಡಿ ಬಾಗಬೇಕು, ಆರಬಾರದು, ಅಷ್ಟು ಮೆಲ್ಲಗೆ ಬಿಡಿ ಅಮ್ಮ" ಎಂದ ಮೇಲೆ ಅವರಿಗೆ ಹದ ಸಿಕ್ಕಿತು. ಮೆಟ್ಟಿಲಾದರೆ ನಿಂತು ಎಳೆಯುವುದು, ಹತ್ತುತ್ತಾ ಬಿಡುವುದು. ಸುಸ್ತಾದಾಗ ತೊಡೆಯ ಮೇಲೆ ಕೈಯೂರಿ ಮುಂದಕ್ಕೆ ಬಾಗುವುದನ್ನೂ ಹೇಳಿಕೊಟ್ಟೆ. ಆ ಭಂಗಿಯಲ್ಲಿ ವಪೆಗೆ ಹೊಟ್ಟೆಯ ಆಸರೆ ಸಿಗುತ್ತದೆ, ತೋಳು ಊರಿರುವುದರಿಂದ ಹೆಗಲಿನ ಸ್ನಾಯುಗಳು ಎದೆಗೂಡನ್ನು ಎತ್ತಲು ನೆರವಾಗುತ್ತವೆ.

ಶ್ವಾಸಕೋಶ ಗಟ್ಟಿಯಾಗುವ ಫೈಬ್ರೋಸಿಸ್ ಇರುವವರಿಗೆ ಇದನ್ನೇ ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಅಲ್ಲಿ ಕಷ್ಟವಿರುವುದು ಎಳೆಯುವುದರಲ್ಲಿ, ನಡೆಯುವಾಗ ಆಮ್ಲಜನಕ ಬೇಗ ಇಳಿಯುವುದರಿಂದ ನನ್ನ ಕಣ್ಣು ಆಕ್ಸಿಮೀಟರ್ ಬಿಟ್ಟು ಕದಲುವುದಿಲ್ಲ.

ಎಂಟು ವಾರಗಳ ಬಳಿಕ ಆ ತಾಯಿಯ ಸ್ಪೈರೊಮೆಟ್ರಿಯ (ಊದಿಸಿ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಪರೀಕ್ಷೆ) ಅಂಕಿಗಳು ಮೊದಲಿನಂತೆಯೇ ಇದ್ದವು. ಆದರೆ ಅದೇ ಕಾರಿಡಾರಿನಲ್ಲಿ ಆರು ನಿಮಿಷವೂ ನಿಲ್ಲದೆ ನಡೆದರು. 10ರವರೆಗಿನ ಬೋರ್ಗ್ ಅಳತೆಯಲ್ಲಿ ಮೊದಲು 7 ಎಂದಿದ್ದ ಏದುಸಿರಿಗೆ ಅಂದು 4 ಎಂದರು.