ಎರಡನೇ ಸಲ ಬಂದ ಮೇಲೆ ಗೊತ್ತಾದದ್ದು: ಅಪ್ಪನ ಬಾಯಿಯ ಥ್ರಷ್

ಅಪ್ಪನ ನಾಲಿಗೆಯ ಮೇಲಿನ ಬಿಳುಪನ್ನು ಮೊದಲ ನಾಲ್ಕು ದಿನ ನಾನು ಹಾಲು ಅಂದುಕೊಂಡಿದ್ದೆ. ರಾತ್ರಿ ಹಾಲು ಕುಡಿದು ಮಲಗುತ್ತಾರೆ, ಬಾಯಿ ಸರಿಯಾಗಿ ತೊಳೆದಿರಲಿಕ್ಕಿಲ್ಲ ಅಂತ. ಐದನೇ ದಿನ ಅವರೇ ಹೇಳಿದರು, "ಯಾಕೋ ರುಚೀನೇ ಹತ್ತುತ್ತಿಲ್ಲ ಮಗಾ, ಬಾಯಲ್ಲಿ ಹತ್ತಿ ತುಂಬಿದ ಹಾಗಿದೆ." ಟಾರ್ಚ್ ಬಿಟ್ಟು ನೋಡಿದರೆ ಕೆನ್ನೆಯ ಒಳಗೂ ಒಡೆದ ಹಾಲಿನಂಥ ತುಣುಕುಗಳು ಅಂಟಿಕೊಂಡಿದ್ದವು. ಒದ್ದೆ ಬಟ್ಟೆಯನ್ನು ಬೆರಳಿಗೆ ಸುತ್ತಿ ಮೆಲ್ಲಗೆ ಒರೆಸಿದೆ. ಬಿಳುಪು ಎದ್ದು ಬಂತು, ಅಡಿಯಲ್ಲಿ ಕೆಂಪಗೆ ಹಸಿಹಸಿ, ಒಂದು ಹನಿ ರಕ್ತವೂ ಜಿನುಗಿತು. ಹಾಲಾಗಿದ್ದರೆ ರಕ್ತ ಬರುತ್ತಿರಲಿಲ್ಲ.

ಡಾಕ್ಟರ್ ನೋಡಿದ ಕೂಡಲೇ ಥ್ರಷ್ ಎಂದರು. ಕ್ಯಾಂಡಿಡಾ ಎಂಬ ಫಂಗಸ್. ನನಗೆ ಬೇಸರವಾಯಿತು, ಮನೆಯಲ್ಲಿ ಎಲ್ಲೋ ಕೊಳಕು ಉಳಿದಿದೆ ಅಂತ. ಅವರು ನಕ್ಕು, ಅದು ಹೊರಗಿನಿಂದ ಬಂದದ್ದಲ್ಲ, ಆರೋಗ್ಯವಾಗಿರುವ ಎಷ್ಟೋ ಜನರ ಬಾಯಲ್ಲಿ ಸುಮ್ಮನೆ ಇರುವಂಥದ್ದೇ ಎಂದರು. ಜೊಲ್ಲು, ಬಾಯಿಯ ಬ್ಯಾಕ್ಟೀರಿಯಾ, ಮೈಯ ರೋಗನಿರೋಧಕ ಶಕ್ತಿ ಮೂರೂ ಸೇರಿ ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿರುತ್ತವಂತೆ. ಅಪ್ಪನಿಗೆ ಎದೆಯ ಸೋಂಕಿಗೆಂದು ಆಗಷ್ಟೇ ಆ್ಯಂಟಿಬಯಾಟಿಕ್ ಮುಗಿದಿತ್ತು. ಜೊತೆಗೆ ಸಕ್ಕರೆ ಕಾಯಿಲೆ, ಉಬ್ಬಸಕ್ಕೆ ಸ್ಟಿರಾಯ್ಡ್ ಇನ್‌ಹೇಲರ್, ಮೇಲ್ದವಡೆಗೆ ಕಟ್ಟಿಸಿದ, ತೆಗೆದು ಹಾಕುವ ಹಲ್ಲಿನ ಸೆಟ್. ಫಂಗಸ್ಸಿಗೆ ಇನ್ನೇನು ಬೇಕು?

ಫಂಗಸ್ ಕೊಲ್ಲುವ ನಿಸ್ಟಾಟಿನ್ ದ್ರವ ಬರೆದುಕೊಟ್ಟರು. ಒಂದು ಮಿಲಿಯಲ್ಲಿ 1 ಲಕ್ಷ ಯುನಿಟ್. ಅಪ್ಪನಿಗೆ ಹೇಳಿದ್ದು 5 ಮಿಲಿ, ದಿನಕ್ಕೆ 4 ಸಲ. ಒಂದೇ ವಾರಕ್ಕೆ ಬಾಯಿ ತಿಳಿಯಾಯಿತು, ಬಾಟಲಿಯನ್ನು ಎತ್ತಿಟ್ಟೆ. ಮೂರು ವಾರ ಕಳೆಯುವಷ್ಟರಲ್ಲಿ ಅದೇ ಬಿಳುಪು, ಅದೇ ಜಾಗ.

ಪರಿಚಯದವರೊಬ್ಬರು ಮನೆಯಲ್ಲಿ ಉಳಿದಿದ್ದ, ಫಂಗಸ್ಸಿಗೇ ಹಚ್ಚುವ ಮೈಕೊನಜೋಲ್ ಜೆಲ್ ತಂದುಕೊಟ್ಟರು, ಬಾಯಿಗೆ ಹಚ್ಚೋದು ತಾನೇ ಎಂದು. ಹಚ್ಚುವ ಮೊದಲು ಡಾಕ್ಟರಿಗೆ ಫೋನ್ ಮಾಡಿದ್ದು ನಮ್ಮ ಪುಣ್ಯ. ಅಪ್ಪ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುತ್ತಾರೆ. ಆ ಜೆಲ್ ಬಾಯಿಗೆ ಹಚ್ಚಿದರೂ ವಾರ್ಫರಿನ್ನಿನ ಪ್ರಭಾವ ಏರಿ ರಕ್ತಸ್ರಾವ ಆಗಬಹುದಂತೆ. ಫಂಗಸ್ಸಿಗೆ ನುಂಗುವ ಫ್ಲುಕೊನಜೋಲ್ ಮಾತ್ರೆಯದೂ ಅದೇ ತಕರಾರು. ಹಾಗಾಗಿ ಮತ್ತೆ ನಿಸ್ಟಾಟಿನ್. ಆದರೆ ಈ ಸಲ ಅವರು, "ಹೇಗೆ ಕೊಡ್ತಾ ಇದ್ದಿರಿ, ಮಾಡಿ ತೋರಿಸಿ" ಎಂದರು.

ಅಲ್ಲಿ ಸಿಕ್ಕಿಬಿದ್ದೆ. ನಾನು ಕೆಮ್ಮಿನ ಸಿರಪ್ ಕೊಟ್ಟ ಹಾಗೆ ಕೊಟ್ಟಿದ್ದೆ: ಬಾಟಲಿ ಅಲ್ಲಾಡಿಸದೆ, ಹಲ್ಲಿನ ಸೆಟ್ ಬಾಯಲ್ಲೇ ಇರುವಾಗ, ನುಂಗಿಸಿ, ಮೇಲೊಂದು ಗುಟುಕು ನೀರು. ನಿಸ್ಟಾಟಿನ್ ಕರುಳಿನಿಂದ ರಕ್ತಕ್ಕೆ ಹೋಗುವುದೇ ಇಲ್ಲ ಎನ್ನಬಹುದು. ಬಾಯಿಗೆ ತಾಗಿದಷ್ಟು ಹೊತ್ತು ಮಾತ್ರ ಕೆಲಸ. ಅಂದರೆ ವಾರವಿಡೀ ಔಷಧಿಯನ್ನು ಹೊಟ್ಟೆಗೆ ಸುರಿದಿದ್ದೆ, ಅಂಗುಳಕ್ಕೆ ಅದು ಮುಟ್ಟಿಯೇ ಇರಲಿಲ್ಲ. ಇನ್ನೊಂದು ಎಡವಟ್ಟು, ಒಳ್ಳೆಯದಾಗಲಿ ಅಂತ ಔಷಧಿಯ ಬೆನ್ನಿಗೇ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್‌ನಿಂದ ಬಾಯಿ ಮುಕ್ಕಳಿಸುತ್ತಿದ್ದೆವು. ಅವೆರಡೂ ಸೇರಿದರೆ ನಿಸ್ಟಾಟಿನ್ ನಿಷ್ಫಲ. ನಡುವೆ ಕನಿಷ್ಠ ಅರ್ಧ ಗಂಟೆ ಬಿಡಬೇಕಂತೆ.

ಆಮೇಲೆ ನಮ್ಮ ಕ್ರಮ ಹೀಗಾಯಿತು. ಊಟವಾಗಿ ಬಾಯಿ ತೊಳೆದ ಮೇಲೆ ಹಲ್ಲಿನ ಸೆಟ್ ತೆಗೆಸುತ್ತಿದ್ದೆ. ಬಾಟಲಿ ಚೆನ್ನಾಗಿ ಅಲ್ಲಾಡಿಸಿ, ಅರ್ಧ ಎಡಕ್ಕೆ, ಅರ್ಧ ಬಲಕ್ಕೆ ಹನಿಸಿ, ಬಾಯೆಲ್ಲ ಆಡಿಸಿ ಆದಷ್ಟು ಹೊತ್ತು ಹಿಡಿದಿಟ್ಟುಕೊಂಡು ನುಂಗುವುದು. ಅಪ್ಪನಿಗೆ ಮಾತಿನ ಚಪಲ, ಹಿಡಿದಿಟ್ಟುಕೊಳ್ಳುವುದೆಂದರೆ ಶಿಕ್ಷೆ. ಗಡಿಯಾರ ಎದುರಿಗಿಟ್ಟು ಕೂರಿಸುತ್ತಿದ್ದೆ. ಬಳಿಕ ಅರ್ಧ ಗಂಟೆ ನೀರೂ ಇಲ್ಲ. ಬಿಳುಪು ಹೋದ ತಕ್ಷಣ ನಿಲ್ಲಿಸಲೂ ಇಲ್ಲ, 14 ದಿನ ಪೂರ್ತಿ ಮಾಡಿದೆವು.

ಆದರೂ ನಿಜವಾದ ಕಳ್ಳ ಹಲ್ಲಿನ ಸೆಟ್ಟೇ ಎಂದು ನನಗನ್ನಿಸುತ್ತದೆ. ಸೆಟ್ ತೆಗೆದು ಅಂಗುಳ ನೋಡಿದಾಗ ಅಲ್ಲಿ ಬಿಳುಪಿರಲಿಲ್ಲ, ಪ್ಲೇಟಿನ ಆಕಾರದಲ್ಲೇ ಅಚ್ಚೊತ್ತಿದ ಹಾಗೆ ಕೆಂಪು. ನೋವಿಲ್ಲದ ಕಾರಣ ಅಪ್ಪ ಹೇಳಿರಲಿಲ್ಲ. ಅದೂ ಥ್ರಷ್‌ನ ಇನ್ನೊಂದು ರೂಪ. ಅಕ್ರಿಲಿಕ್‌ನ (ಸೆಟ್ ಮಾಡುವ ಪ್ಲಾಸ್ಟಿಕ್) ಸೂಕ್ಷ್ಮ ರಂಧ್ರಗಳಲ್ಲಿ ಫಂಗಸ್ ಪದರ ಕಟ್ಟಿ ಕೂತಿರುತ್ತದೆ. ಬಾಯಿಗೆ ಎಷ್ಟು ಔಷಧಿ ಹಾಕಿದರೂ ಸೆಟ್ ಹಾಕಿಕೊಂಡ ಕೂಡಲೇ ಮತ್ತೆ ಹತ್ತುತ್ತದೆ. ಅಪ್ಪ ಅದನ್ನು ಹಾಕಿಕೊಂಡೇ ಮಲಗುತ್ತಿದ್ದರು. ಸೆಟ್ ಇಲ್ಲದ ಮುಖ ಯಾರೂ ನೋಡಬಾರದು ಎಂಬ ಮುಜುಗರ ಅವರದು. ಅದನ್ನು ಬಿಡಿಸುವುದು ಔಷಧಿ ಕುಡಿಸುವುದಕ್ಕಿಂತ ಕಷ್ಟವಾಯಿತು. ಕೊನೆಗೆ ದೀಪ ಆರಿಸಿದ ಮೇಲೆ ತೆಗೆಯುವುದು ಎಂದು ರಾಜಿಯಾದರು. ರಾತ್ರಿ ಅದು ಮುಚ್ಚಳದ ಡಬ್ಬಿಯಲ್ಲಿ ನೀರಲ್ಲಿ. ಒಣಗಲು ಬಿಟ್ಟರೆ ಸೊಟ್ಟಗಾಗುತ್ತದೆ, ಬಿಸಿ ನೀರೂ ಬೇಡ. ತೊಳೆಯಲು ಮೃದು ಬ್ರಷ್, ಸೋಪು ನೀರು. ಪೇಸ್ಟ್ ಹಾಕಿ ಉಜ್ಜಿದರೆ ಗೀರು ಬಿದ್ದು ಫಂಗಸ್ಸಿಗೆ ಹೊಸ ಮನೆ. ಕೆಳಗೆ ಬಿದ್ದರೆ ಒಡೆಯದಿರಲಿ ಎಂದು ನೀರು ತುಂಬಿದ ಬೇಸಿನ್ನಿನ ಮೇಲೇ ತೊಳೆಯುತ್ತೇನೆ.

ತುಟಿಯ ಎರಡೂ ಮೂಲೆ ಬಿರುಕು ಬಿಟ್ಟಿದ್ದನ್ನು ಚಳಿಗೆ ಎಂದುಕೊಂಡಿದ್ದೆವು. ಹಲ್ಲಿನ ಡಾಕ್ಟರ್ ಬೇರೆ ಹೇಳಿದರು. ಸೆಟ್ ಸವೆದು ದವಡೆ ಕುಗ್ಗಿ, ಬಾಯಿಯ ಮೂಲೆ ಮಡಚಿಕೊಂಡು ಅಲ್ಲಿ ಜೊಲ್ಲು ನಿಲ್ಲುತ್ತಿತ್ತು, ಅಲ್ಲೂ ಇದೇ ಕ್ಯಾಂಡಿಡಾ. ಹೊಸ ಸೆಟ್ ಮಾಡಿಸಿದ ಮೇಲೆ ಬಿರುಕು ಕೂಡಿಕೊಂಡಿತು.

ಇನ್‌ಹೇಲರ್ ನಿಲ್ಲಿಸಿಬಿಡೋಣವೇ ಎಂದು ಅಪ್ಪ ಕೇಳಿದ್ದುಂಟು. ಸುತರಾಂ ಕೂಡದು, ಉಬ್ಬಸ ಕೆರಳುತ್ತದೆ. ಸ್ಟಿರಾಯ್ಡ್‌ನ ಒಂದು ಪಾಲು ಶ್ವಾಸಕೋಶಕ್ಕೆ ಹೋಗದೆ ಬಾಯಿ, ಗಂಟಲಲ್ಲೇ ಉಳಿದು ಅಲ್ಲಿನ ರಕ್ಷಣೆಯನ್ನು ಕುಗ್ಗಿಸುತ್ತದೆ, ತೊಂದರೆ ಇರುವುದು ಅಷ್ಟೇ. ಸ್ಪೇಸರ್, ಅಂದರೆ ಇನ್‌ಹೇಲರಿನ ಬಾಯಿಗೆ ಸಿಕ್ಕಿಸುವ ಟೊಳ್ಳು ಕೊಳವೆ, ಹಚ್ಚಿ ಎಳೆದರೆ ಬಾಯಲ್ಲಿ ಕೂರುವುದು ಕಡಿಮೆ. ಎಳೆದ ಮೇಲೆ ನೀರಿನಿಂದ ಬಾಯಿ, ಗಂಟಲು ಮುಕ್ಕಳಿಸಿ ಉಗುಳಬೇಕು, ನುಂಗಬಾರದು. ನೆನಪಿಸಿ ನೆನಪಿಸಿ ಸಾಕಾಗಿ ಇನ್‌ಹೇಲರನ್ನು ಹಾಸಿಗೆಯ ಪಕ್ಕದಿಂದ ತೆಗೆದು ಹಲ್ಲುಜ್ಜುವ ಬ್ರಷ್ಷಿನ ಪಕ್ಕ ಇಟ್ಟೆ. ಮೊದಲು ಇನ್‌ಹೇಲರ್, ಆಮೇಲೆ ಹಲ್ಲುಜ್ಜುವುದು. ಉಸಿರು ಕಟ್ಟಿದಾಗ ತಕ್ಷಣ ಎಳೆಯುವ ಸಾಲ್ಬುಟಮಾಲ್ ಮಾತ್ರ ಹಾಸಿಗೆಯ ಬಳಿಯೇ ಇದೆ, ಅದರಲ್ಲಿ ಸ್ಟಿರಾಯ್ಡ್ ಇಲ್ಲ.

ಸಕ್ಕರೆಯ ಪ್ರಮಾಣವನ್ನೂ ಹಿಡಿತಕ್ಕೆ ತಂದೆವು. ಡಾಕ್ಟರ್ ಎರಡು ಎಚ್ಚರಿಕೆ ಕೊಟ್ಟಿದ್ದಾರೆ. ನುಂಗುವಾಗ ಎದೆಯ ನಡುವೆ ನೋವು ಬಂದರೆ ಫಂಗಸ್ ಅನ್ನನಾಳಕ್ಕೆ ಇಳಿದಿರಬಹುದು, ಕಾಯಬೇಡಿ ಎಂದರು. ಒರೆಸಿದರೂ ಏಳದ ಬಿಳಿ ಮಚ್ಚೆ ಥ್ರಷ್ ಅಲ್ಲದೆ ಬೇರೇನೋ ಆಗಿರಬಹುದು, ಅದನ್ನೂ ತೋರಿಸಬೇಕು. ಪ್ರತಿ ಭಾನುವಾರ ನಾನು ಟಾರ್ಚ್ ತಂದರೆ ಸಾಕು, ಅಪ್ಪ ಕೇಳುವ ಮೊದಲೇ ಸೆಟ್ ತೆಗೆದು ಕೈಗೆ ಕೊಟ್ಟು ಬಾಯಿ ತೆರೆಯುತ್ತಾರೆ.