ಒಂದೇ ಕೋಣೆಯಲ್ಲಿ ಎಲ್ಲರ ಕೈಗೂ ಮಣ್ಣು: ನನ್ನ ಅನುಭವ

‘ಕಣ್ಣು ಕಾಣದವರಿಗೆ ಒಂದು ದಿನ ಇಡಿ, ವೀಲ್‌ಚೇರಿನವರಿಗೆ ಇನ್ನೊಂದು ದಿನ ಇಡಿ, ಎಲ್ಲರನ್ನೂ ಒಂದೇ ಕೋಣೆಗೆ ಸೇರಿಸಬೇಡಿ’ ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ನಾನು ನಡೆಸುವುದು ಮಣ್ಣಿನ ಪಾತ್ರೆ ಮಾಡುವ, ಬಣ್ಣ ಬಳಿಯುವ ತರಗತಿ; ನನ್ನ ಜೊತೆ ಸ್ಟುಡಿಯೊ ಹಂಚಿಕೊಂಡವರೇ ಹಾಗೆ ಹೇಳಿದ್ದರು. ಈಗ 3 ವರ್ಷವಾಯಿತು. ವಾರಕ್ಕೆ 20–25 ಜನ ಒಟ್ಟಿಗೇ ಕೂತು ಕೆಲಸ ಮಾಡುತ್ತಾರೆ. ಮಣ್ಣಿನ ಕೆಲಸವೂ ಇದೆ, ಬಣ್ಣದ್ದೂ ಇದೆ. ಆಗಲ್ಲ ಅಂದವರೇ ಈಗ ಮೇಜು, ಇಳಿಜಾರಿನ ಅಳತೆ ಕೇಳಿಕೊಂಡು ಬರುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಅವರ ಅನುಮಾನ ಸುಮ್ನೆ ಬಂದದ್ದಲ್ಲ. ಒಬ್ಬರಿಗೆ ಅನುಕೂಲ ಮಾಡಲು ಹೋದರೆ ಇನ್ನೊಬ್ಬರಿಗೆ ತೊಡಕಾಗುತ್ತದೆ. ನಾನು ಮೊದಲು ಮಾಡಿದ್ದು ನೆಲಕ್ಕೆ ಉಬ್ಬುಪಟ್ಟಿ ಅಂಟಿಸಿದ್ದು. ಕೋಲು ಹಿಡಿದು ನಡೆಯುವವರಿಗೆ ಖುಷಿಯಾಯಿತು. ಆದರೆ ವೀಲ್‌ಚೇರಿನ ಮುಂದಿನ ಚಿಕ್ಕ ಗಾಲಿ ಅದಕ್ಕೆ ಸಿಕ್ಕಿಕೊಂಡು, ತೊಡೆ ಮೇಲಿಟ್ಟಿದ್ದ ಗ್ಲೇಜ್ (ಪಾತ್ರೆಗೆ ಬಳಿದು ಸುಡುವ ಲೇಪ) ಡಬ್ಬಿ ಪೂರ್ತಿ ಚೆಲ್ಲಿತು. ಪಟ್ಟಿ ಕೀಳಲು ಹೋದರೆ ನೆಲದ ಮೇಲ್ಪದರವೂ ಅದರ ಜೊತೆ ಎದ್ದು ಬಂತು. ಹಾಕಿದ್ದಕ್ಕಿಂತ ಕಿತ್ತಿದ್ದಕ್ಕೇ ಜಾಸ್ತಿ ಖರ್ಚಾಯಿತು.

ಆಮೇಲೆ ನೆಲದ ಯೋಚನೆ ಬಿಟ್ಟು ಗೋಡೆಗೆ ಬಂದೆ. ಸೊಂಟದ ಎತ್ತರಕ್ಕೆ ಗೋಡೆಗುಂಟ ದಪ್ಪ ನೈಲಾನ್ ಹಗ್ಗ ಎಳೆದು ಕಟ್ಟಿದೆ. ಒಂದು ಗಂಟು ಸಿಕ್ಕಿದರೆ ಸಿಂಕು, ಎರಡು ಗಂಟಾದರೆ ತಿಗರಿ (ಮಡಕೆ ಮಾಡುವ ಚಕ್ರ), ಮೂರು ಗಂಟಾದರೆ ಹೊರಗೆ ಹೋಗುವ ಬಾಗಿಲು. ಮಣ್ಣು ಸುಡುವ ಗೂಡಿಗೆ ಆರು ಅಡಿ ಇರುವಾಗಲೇ ಹಗ್ಗ ಮುಗಿಯುತ್ತದೆ. ಹಗ್ಗ ಮುಗಿದಲ್ಲಿ ನಿಲ್ಲಬೇಕು, ಅಷ್ಟೇ. ಗಂಟುಗಳಲ್ಲಿ ಮಣ್ಣು ಒಣಗಿ ಕೂರುತ್ತದೆ, ವಾರಕ್ಕೊಮ್ಮೆ ತೊಳೆಯದಿದ್ದರೆ ಎರಡು ಗಂಟು ಯಾವುದು ಮೂರು ಯಾವುದು ಗೊತ್ತಾಗಲ್ಲ.

ದುಡ್ಡು ಜಾಸ್ತಿ ಹೋದದ್ದು ಮೇಜಿಗೆ. ಗುಂಡಿ ಒತ್ತಿದರೆ ಏರಿಳಿಯುವ ಮೋಟಾರಿನ ಮೇಜು ತಂದೆ. ಕೂಡಿಟ್ಟಿದ್ದರಲ್ಲಿ ಹತ್ತಿರ ಹತ್ತಿರ ಅರ್ಧ ಅದಕ್ಕೇ ಹೋಯಿತು. ಕೆಳಗೆ ಅಡ್ಡಪಟ್ಟಿ ಇದೆ ಅನ್ನುವುದನ್ನು ನಾನು ನೋಡಿರಲೇ ಇಲ್ಲ, ವೀಲ್‌ಚೇರಿನ ಪಾದ ಇಡುವ ಹಲಗೆ ಅದಕ್ಕೆ ಬಡಿದು ಮನುಷ್ಯ ಮೇಜಿನಿಂದ ಒಂದು ಮೊಳ ದೂರದಲ್ಲೇ ನಿಲ್ಲಬೇಕಾಯಿತು. ಎಂಟು ತಿಂಗಳಿಗೆ ಕೆಸರು ನೀರು ಸ್ವಿಚ್ಚಿಗೆ ಇಳಿದು ಮೋಟಾರೂ ಕೆಟ್ಟಿತು. ಈಗಿರುವುದು ನಾವೇ ಮಾಡಿದ ಮೇಜು. ದಪ್ಪ ಪ್ಲೈವುಡ್ಡು, ಎರಡು ತುದಿಗೆ ಮಾತ್ರ ಕಾಲು, ನಡುವೆ ಏನೂ ಇಲ್ಲ. ವೀಲ್‌ಚೇರಿನವರ ಮಂಡಿ ಒಳಗೆ ಹೋಗಲು ನೆಲದಿಂದ 27 ಇಂಚು ಎತ್ತರ ಬೇಕು ಅನ್ನುವುದು ಈ ಕೆಲಸದವರಿಗೆ ಗೊತ್ತು, ನಾನು ಇನ್ನೊಂದೂವರೆ ಇಂಚು ಬಿಟ್ಟಿದ್ದೇನೆ. ಖರ್ಚು ಮೋಟಾರು ಮೇಜಿನ ಎಂಟರಲ್ಲೊಂದು ಭಾಗ ಆಗಿರಬಹುದು. ಒಂದೇ ಕೈ ಆಡುವವರೂ ಹಲಗೆ ವಾಲದ ಹಾಗೆ ಎತ್ತರ ಬದಲಿಸಬಹುದು. ಎತ್ತರ ಬದಲಿಸುವ ಆ ಕೀಲು ಹೇಗೆ ಮಾಡಿದೆ ಅಂತ ಈಗ ಬರೆಯಲ್ಲ, ನಾಲ್ಕು ಸಲ ಕೆಡಿಸಿ ಕಲಿತದ್ದು ಅದು.

ವೀಲ್‌ಚೇರು ಒಳಗೆ ಬರಲು ಬಾಗಿಲಿಗೆ ಹಾಕಿದ ಇಳಿಜಾರಿನ ಲೆಕ್ಕದಲ್ಲೂ ಎಡವಿದೆ. ಹೊಸ್ತಿಲು 5 ಇಂಚು, ಜಾಗ ಉಳಿಸಲು ಎರಡೂವರೆ ಅಡಿ ಉದ್ದಕ್ಕೇ ಮುಗಿಸಿದೆ. ಒಬ್ಬರು ಹತ್ತುವಾಗ ಹಿಂದಕ್ಕೆ ವಾಲಿದರು, ನಾನು ಹಿಂದೆಯೇ ಇದ್ದೆ ಅಂತ ಬಚಾವ್. ಒಂದು ಇಂಚು ಎತ್ತರಕ್ಕೆ ಒಂದಡಿ ಉದ್ದ ಅನ್ನುವ ಲೆಕ್ಕ ಬಿಡಲೇಬಾರದು. ಒಡೆದು ಐದಡಿ ಮಾಡಿದೆ.

ಎಲ್ಲಕ್ಕಿಂತ ಹೆಚ್ಚು ತಲೆ ತಿಂದದ್ದು ಸದ್ದು. ಸ್ಟೂಲು ಎಳೆಯುವ ಕಿರ್ ಸದ್ದಿಗೆ ಒಬ್ಬ ಹುಡುಗ ಕಿವಿ ಮುಚ್ಚಿಕೊಂಡು ಮೂಲೆಗೆ ಹೋಗಿ ಕೂರುತ್ತಿದ್ದ. ಸ್ಟೂಲಿನ ಎಲ್ಲ ಕಾಲಿಗೂ ಫೆಲ್ಟ್ (ದಪ್ಪ ಮೆತ್ತನೆ ಉಣ್ಣೆಬಟ್ಟೆ) ಅಂಟಿಸಿದೆ. ಮಾರನೇ ವಾರವೇ ಕಣ್ಣು ಕಾಣದ ಅಕ್ಕ ಒಬ್ಬರು ಹೇಳಿದರು: ‘ಮೊದಲು ಯಾರು ಎಲ್ಲಿದ್ದಾರೆ ಅಂತ ಸದ್ದಿನಲ್ಲೇ ಗೊತ್ತಾಗುತ್ತಿತ್ತು ಕಣಪ್ಪ, ಈಗ ಯಾರೋ ದಿಢೀರ್ ಅಂತ ಪಕ್ಕದಲ್ಲಿರುತ್ತಾರೆ.’ ಫೆಲ್ಟ್ ತೆಗೆಯಲಿಲ್ಲ. ಪಕ್ಕದಲ್ಲಿ ಹಾಯುವಾಗ ಮೆಲ್ಲಗೆ ಹೆಸರು ಹೇಳಬೇಕು ಅಂತ ರೂಢಿ ಮಾಡಿದೆವು. ಕಿವಿ ಕೇಳದವರ ಹತ್ತಿರ ಹೋದರೆ ಮೇಜನ್ನು ಎರಡು ಸಲ ತಟ್ಟಬೇಕು, ಹಲಗೆಯ ನಡುಕ ಅವರ ಕೈಗೆ ತಿಳಿಯುತ್ತದೆ. ಜೋರು ಸದ್ದು ಮಾಡುವ ಮಣ್ಣು ಕಲಸುವ ಯಂತ್ರ, ಗಾಳಿಯ ಕಂಪ್ರೆಸರ್ ಎರಡನ್ನೂ ಕೊನೆಯ ಮುಕ್ಕಾಲು ಗಂಟೆ ಮಾತ್ರ ಓಡಿಸುತ್ತೇವೆ. ಇದಕ್ಕೆ ದುಡ್ಡೇ ಬೇಕಾಗಲಿಲ್ಲ, ಆದರೆ ಎಲ್ಲರಿಗೂ ಅಭ್ಯಾಸವಾಗಲು ಐದಾರು ತಿಂಗಳು ಹಿಡಿಯಿತು.

ಡಬ್ಬಿಗಳಿಗೆ ಬ್ರೈಲ್ ಚೀಟಿ ಹಾಕಿದ್ದೂ ದಂಡವಾಯಿತು. ಒದ್ದೆ ಕೈಗೆ ಕಿತ್ತು ಬಂದವು. ಅದೂ ಅಲ್ಲದೆ ನಮ್ಮಲ್ಲಿ ಬರುವವರು ಹೆಚ್ಚಿನವರು ದೊಡ್ಡವರಾದ ಮೇಲೆ ದೃಷ್ಟಿ ಕಳೆದುಕೊಂಡವರು, ಬ್ರೈಲ್ ಓದುವವರು ಇಬ್ಬರೇ. ಈಗ ರಬ್ಬರ್ ಬ್ಯಾಂಡು: ಬಿಳಿಗೆ ಒಂದು, ನೀಲಿಗೆ ಎರಡು, ಹೀಗೆ. ಮಂದ ದೃಷ್ಟಿಯವರಿಗೆ ಒಂದು ಬದಿ ಕಪ್ಪು, ಇನ್ನೊಂದು ಬದಿ ಬಿಳಿ ಇರುವ ಹಲಗೆ. ಬಿಳಿ ಮಣ್ಣಿಗೆ ಕಪ್ಪು ಬದಿ, ಕೆಂಪು ಮಣ್ಣಿಗೆ ಬಿಳಿ ಬದಿ. ಬಣ್ಣ ಹೊಳಪಿಲ್ಲದ್ದೇ ಆಗಬೇಕು, ಇಲ್ಲದಿದ್ದರೆ ಮೇಲಿನ ದೀಪ ಕಣ್ಣಿಗೆ ಹೊಡೆಯುತ್ತದೆ. ಈ ಹಲಗೆ ನನ್ನದೇ ಯೋಚನೆ, ಹೆಮ್ಮೆ ಇದೆ.

ನಡುವೆ ಬಣ್ಣಕ್ಕೆ ಮರಳು ಬೆರೆಸಿ ನೋಡಿದೆ. ನೀಲಿಗೆ ನುಣ್ಣನೆ ಮರಳು, ಕಂದು ಬಣ್ಣಕ್ಕೆ ಮರದ ಹೊಟ್ಟು, ಹಳದಿಗೆ ಏನೂ ಇಲ್ಲ. ಮುಟ್ಟಿದರೆ ಬಣ್ಣ ತಿಳಿಯಬೇಕು ಅಂತ. ತಿಂಗಳಿಗೆ ಹತ್ತು ಬ್ರಷ್ ಸವೆದವು. ಬ್ರಷ್ ಬಿಟ್ಟು ಬೆರಳಲ್ಲೇ ಬಳಿದರೆ ಚೆನ್ನಾಗಿ ಬರುತ್ತದೆ. ಮರಳು ಎಷ್ಟು ಹಾಕಬೇಕು ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ಕೈ ನಡುಗುವ ಹಿರಿಯರೊಬ್ಬರಿಗೆ ತೂಕದ ಬ್ರಷ್ ಕೊಟ್ಟೆ, ಹತ್ತು ನಿಮಿಷಕ್ಕೆ ಭುಜ ನೋವು ಬಂತು. ಆಮೇಲೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಮೆತ್ತಗಿನ ಮರಳು ಚೀಲದ ಮೇಲೆ ಕೈ ಊರಿಸಿದೆ, ಬ್ರಷ್ ಹಿಡಿಗೆ ಸ್ಪಂಜಿನ ಕೊಳವೆ ತೊಡಿಸಿದೆ. ಅವತ್ತು ಅವರು ಉಸಿರು ಬಿಗಿ ಹಿಡಿದು ಬಟ್ಟಲಿನ ಕಂಠದ ಸುತ್ತ ಒಂದು ಗೆರೆ ಎಳೆದರು. ಎರಡು ಕಡೆ ಅಲುಗಿದೆ, ಆದರೆ ಶುರುವಾದಲ್ಲಿಗೇ ಬಂದು ಸೇರಿದೆ. ಆ ಬಟ್ಟಲು ಸುಟ್ಟು ಬಂದ ಮೇಲೆ ಅವರು ಮನೆಗೆ ಒಯ್ಯಲಿಲ್ಲ, ಬಾಗಿಲ ಪಕ್ಕದ ಕಪಾಟಿನಲ್ಲಿ ಇಡಿ ಅಂದರು. ಅಲ್ಲೇ ಇದೆ.

ಸದ್ಯ ತಿಗರಿಯ ಪೆಡಲನ್ನು ಮೇಲೆತ್ತಿ ಮೊಣಕೈಯಿಂದ ಒತ್ತುವ ಹಾಗೆ ಮಾಡುತ್ತಿದ್ದೇನೆ. ವೇಗ ಬಿಟ್ಟಲ್ಲೇ ನಿಲ್ಲುತ್ತಿಲ್ಲ, ಸ್ಪ್ರಿಂಗ್ ಬದಲಿಸಬೇಕು.